ಕೆಂಪು ಚಡ್ಡಿ, ನೀಲಿ ಚಡ್ಡಿ ಮತ್ತು ನಮ್ಮತ್ತೆ

ನಮ್ಮತ್ತೆ ಹೋದ ಮೇಲೆ ನನ್ನ ಜೊತೆ ಜಗಳಾಡುವವರು ಯಾರೂ ಉಳಿದಿಲ್ಲ.

ಹಾವೇರಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಶಾಲೆಯಲ್ಲಿ ಟೀಚರು, ಅಳಿಯ ಬ್ಯಾಂಕಿನಲ್ಲಿ. ಇಬ್ಬರೂ ಒಳ್ಳೆಯವರು, ಅದೇ ತೊಂದರೆ. ನನ್ನ ಜೊತೆ ಮಾತಾಡುವಾಗ ದನಿ ತಗ್ಗಿಸುತ್ತಾರೆ. ಸಾರಿಗೆ ಎರಡು ಸಲ ಉಪ್ಪು ಬಿದ್ದಿದ್ದರೂ "ಚೊಲೋ ಆಗೇತವ್ವಾ" ಎಂದು ಉಂಡು ಏಳುತ್ತಾರೆ. ಒಂದು ದಿನ ಬೇಕಂತಲೇ ಮೂರು ಸಲ ಹಾಕಿ ನೋಡಿದೆ. ಅಳಿಯ ಇನ್ನೊಂದು ತಂಬಿಗೆ ನೀರು ಕುಡಿದ, ಅಷ್ಟೇ. ನಮ್ಮತ್ತೆ ಇದ್ದಿದ್ದರೆ ತಾಟು ಸರಿಸಿ, "ಏನಲೇ, ಸಮುದ್ರಾನ ತಂದು ಕುದಿಸೀಯೇನ?" ಅನ್ನುತ್ತಿದ್ದಳು. ಮೈಗೆ ಬಿಸಿ ಮುಟ್ಟುತ್ತಿತ್ತು.

ನಾನು ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಕೊಟ್ಟಿದ್ದು ಬ್ಯಾಡಗಿಗೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೂ ಅತ್ತೆ ನನ್ನನ್ನು ಕರೆಯುತ್ತಿದ್ದದ್ದು "ರಾಣೆಬೆನ್ನೂರಾಕಿ" ಅಂತ. ಆ ಊರು ಈ ಊರಿಗೆ ಎಷ್ಟು ದೂರ? ಒಂದು ಬಸ್ಸು ಬದಲಿಸುವಷ್ಟು. ಆದರೆ ಅವಳ ಪ್ರಕಾರ ನಾನು ಬೇರೆ ದೇಶದಿಂದ ಬಂದವಳು. ಅಲ್ಲಿಯವರಿಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಹಾಲು ಕಾಯಿಸಲು ಬರುವುದಿಲ್ಲ, ನಗಲೂ ಸರಿಯಾಗಿ ಬರುವುದಿಲ್ಲ. ಸೋಮವಾರದಿಂದ ಶನಿವಾರದ ತನಕ ನಾನು ತಿರುಗಿ ಒಂದು ಮಾತು ಆಡುವ ಹಾಗಿರಲಿಲ್ಲ. ಸೊಸೆ ಅಂದರೆ ಹಾಗೇ ಇರಬೇಕಿತ್ತು.

ಭಾನುವಾರ ಸಂಜೆ ಐದು ಗಂಟೆಗೆ ಮಾತ್ರ ಬಾಯಿ ಬಿಚ್ಚಬಹುದಿತ್ತು. ಅದನ್ನು ಕೊಟ್ಟದ್ದು ಕೇಬಲ್ಲು.

ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಆಗ ಊರಿಗೊಂದು ಕೇಬಲ್ ಅಂಗಡಿ. ಅಂಗಡಿಯಿಂದ ಮಾಳಿಗೆ ಮಾಳಿಗೆ ಹಾರಿಕೊಂಡು ತಂತಿ ಬರುತ್ತಿತ್ತು, ತಂತಿ ಮುಗಿದಲ್ಲಿ ಆ ಕೇಬಲ್ಲಿನ ಸೀಮೆ ಮುಗಿಯಿತು. ಅಂಗಡಿಯವನದೇ ಒಂದು ಚಾನೆಲ್ ಇರುತ್ತಿತ್ತು. ಅದರಲ್ಲಿ ಮಧ್ಯಾಹ್ನ ಹಳೇ ಸಿನಿಮಾ, ಆಮೇಲೆ ಮದುವೆಯಾದವರಿಗೆ ಶುಭಾಶಯ, ತಪ್ಪಿಸಿಕೊಂಡ ಎಮ್ಮೆಯ ಸುದ್ದಿ. ಅದೇ ಹೊತ್ತಿಗೆ ದೊಡ್ಡ ಚಾನೆಲ್ಲುಗಳಲ್ಲಿ ಹೊರದೇಶದ ಕುಸ್ತಿ ಬರತೊಡಗಿತು. ಸುತ್ತ ಹಗ್ಗ ಕಟ್ಟಿದ ಕಟ್ಟೆಯ ಮೇಲೆ ಎಮ್ಮೆಯಂಥ ಗಂಡಸರು ಒಬ್ಬರನ್ನೊಬ್ಬರು ಎತ್ತಿ ಎಸೆಯುವುದು. ಇಡೀ ಊರು ಬಾಯಿ ತೆಗೆದು ನೋಡಿತು. ನಮ್ಮ ಬ್ಯಾಡಗಿಯ ಕೇಬಲ್ಲಿನವನು ನೋಡುತ್ತ ಕೂರುವ ಆಸಾಮಿಯಲ್ಲ. ಮೆಣಸಿನಕಾಯಿ ಪೇಟೆಯ ಹತ್ತಿರ ಒಂದು ಖಾಲಿ ಗೋದಾಮು ಹಿಡಿದ, ನಾಲ್ಕು ಕಂಬ ನೆಟ್ಟು ಹಗ್ಗ ಕಟ್ಟಿದ, ಖಾಲಿ ಮೆಣಸಿನಕಾಯಿ ಚೀಲಗಳಲ್ಲಿ ಹೊಟ್ಟು ತುಂಬಿ ನೆಲಕ್ಕೆ ಹಾಸಿದ. ಗರಡಿಮನೆಯ ಪೈಲ್ವಾನರನ್ನು ಕರೆದುತಂದ. ಮದುವೆ ವಿಡಿಯೋ ತೆಗೆಯುವವನು ಕ್ಯಾಮೆರಾ ಹಿಡಿದ. ಎಮ್ಮೆ ಸುದ್ದಿ ಓದುವವನೇ ಕುಸ್ತಿಯನ್ನೂ ಬಣ್ಣಿಸಿದ.

ರಾಣೆಬೆನ್ನೂರಿನ ಕೇಬಲ್ಲಿನವನೂ ಸುಮ್ಮನಿರಲಿಲ್ಲ, ಅವನು ಹತ್ತಿ ತುಂಬಿದ ಚೀಲಗಳ ಮೇಲೆ ಆಡಿಸಿದ. ಹಾವೇರಿಯಲ್ಲೂ ಇತ್ತಂತೆ. ನಮ್ಮ ತಂತಿಗೆ ಅದು ಬರುತ್ತಿರಲಿಲ್ಲ, ನಾವು ಕೇಳಲೂ ಇಲ್ಲ.

ಬ್ಯಾಡಗಿಯ ಪೈಲ್ವಾನನದು ಕೆಂಪು ಚಡ್ಡಿ. ಅವನು ದೇವರು. ಅವನೆದುರು ನಿಲ್ಲಲು ರಾಣೆಬೆನ್ನೂರಿನಿಂದ ಬರುತ್ತಿದ್ದವನದು ನೀಲಿ ಚಡ್ಡಿ. ಅವನು ರಾಕ್ಷಸ, ಮೋಸಗಾರ, ಹಿಂದಿನಿಂದ ಬಂದು ಹೊಡೆಯುವವ. ಬಣ್ಣಿಸುವವನು ಹಾಗೇ ಹೇಳುತ್ತಿದ್ದ. ನೀಲಿ ಚಡ್ಡಿಯವನ ಕಷ್ಟವೇ ಬೇರೆ ಇತ್ತು. ಅವನಿಗೆ ನಮ್ಮೂರ ಘಾಟು ಒಗ್ಗುತ್ತಿರಲಿಲ್ಲ. ಚೀಲದ ಮೇಲೆ ಮುಖ ಅಡಿಯಾಗಿ ಬಿದ್ದನೆಂದರೆ ಸೀನು ಶುರು. ಎಂಟು, ಹತ್ತು, ಹನ್ನೆರಡು. ಸೀನುವಾಗ ಮನುಷ್ಯ ಕುಸ್ತಿ ಹೇಗೆ ಆಡುತ್ತಾನೆ? ಕೆಂಪು ಚಡ್ಡಿಯವನು ಮೆಲ್ಲಗೆ ಹೋಗಿ ಮೇಲೆ ಕೂರುತ್ತಿದ್ದ.

ನಾನೂ ಅತ್ತೆಯೂ ಟಿವಿ ಮುಂದೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದೆವು. ನಡುವೆ ಕೆಂಪಗೆ ಒಂದು ರಾಶಿ. ನಮ್ಮ ಮನೆಯವರು ಗೋಡೆಗೆ ಆನಿಕೊಂಡು ಪೇಪರು ಓದುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ.

"ನೋಡ, ನಿನ್ನ ತವರಮನಿ ಪೈಲ್ವಾನ ಹೆಂಗ ಬಿದ್ದಾನ, ಹಿಟ್ಟಿನ ಚೀಲ ಬಿದ್ದಂಗ," ಎಂದು ಒಂದು ಭಾನುವಾರ ಅತ್ತೆ ಶುರು ಮಾಡಿದಳು.

"ಬಿದ್ದಿಲ್ಲರಿ ಅತ್ತಿ, ಸೀನಾಕತ್ತಾನ. ನಿಮ್ಮ ಊರಾಗ ಉಸಿರಾಡೋದ ಒಂದು ಕುಸ್ತಿ."

"ಹಂಗಾರ ಬರಬಾರದಾಗಿತ್ತು. ಯಾರ ಕರದಿದ್ರು ಅವನ್ನ?"

"ನೀವ ಕರದೀರಿ. ಐದು ಮಂದಿ ಬಂದು ನೋಡಿ, ಉಪ್ಪಿಟ್ಟು ತಿಂದು, ಒಪ್ಪಿಕೊಂಡು ಹೋಗೀರಿ."

ಮನೆಯವರು ಪೇಪರಿನ ಹಾಳೆ ತಿರುವಿದ ಸದ್ದು ಬಂತು. ಅತ್ತೆ ಒಂದು ತೊಟ್ಟು ಮುರಿದಳು. ಮೂರು ಹೊತ್ತೂ ಅಡುಗೆಮನೆಯಲ್ಲಿ ನುಂಗಿದ್ದ ಮಾತು ಹೀಗೆ ನಡುಮನೆಯಲ್ಲಿ ಬಂದುಬಿಟ್ಟಿತ್ತು. ಆದರೆ ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ, "ನೀಲಿ ಚಡ್ಡಿಗೆ ಮಾತು ಜಾಸ್ತಿ, ಜೀವ ಕಡಿಮಿ," ಅಂದಳು. ಆಗ ತಿಳಿಯಿತು, ಈ ಒಂದು ತಾಸು ಏನು ಬೇಕಾದರೂ ಅನ್ನಬಹುದು, ಚಡ್ಡಿಯ ಹೆಸರಲ್ಲಿ ಅಂದರೆ ಸಾಕು.

ಅಲ್ಲಿಂದ ಮುಂದೆ ನಾನು ಬಿಡಲಿಲ್ಲ. "ಕೆಂಪು ಚಡ್ಡಿ ಹಿಡದದ್ದ ಬಿಡಂಗಿಲ್ಲ, ಕೀಲಿಕೈ ಗೊಂಚಲ ಹಿಡದಂಗ ಹಿಡದಾನ," ಅಂದೆ. ಕೀಲಿಕೈ ಗೊಂಚಲು ಅತ್ತೆಯ ಸೊಂಟದಲ್ಲೇ ಇತ್ತು. ಅವಳು, "ನೀಲಿ ಚಡ್ಡಿಗೆ ಕಣ್ಣಿಲ್ಲ, ಮುಂದ ಹಾಲು ಉಕ್ಕಿದ್ರೂ ಕಿಡಕಿ ಹೊರಗ ನೋಡ್ತಾನ," ಅಂದಳು. ಅದು ನಿಜ, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ನಕ್ಕುಬಿಟ್ಟೆ. ಅವಳೂ ನಕ್ಕಳು. ನಗುವಾಗ ಮೆಣಸಿನಕಾಯಿ ಕೈಯನ್ನು ಕಣ್ಣಿಗೆ ಹಚ್ಚಿಕೊಂಡು ಇಬ್ಬರೂ ಬಚ್ಚಲಿಗೆ ಓಡಿದೆವು.

ಒಂದು ಪಂಚಮಿಗೆ ತವರಿಗೆ ಹೋಗಿದ್ದೆ. ಭಾನುವಾರ ಬಂತು, ಅಲ್ಲಿಯ ಕೇಬಲ್ಲಿನಲ್ಲಿ ಅಲ್ಲಿಯ ಕುಸ್ತಿ. ಅದೇ ಇಬ್ಬರು. ಇಲ್ಲಿ ನೀಲಿ ಚಡ್ಡಿಯವನು ದೇವರು! ಹತ್ತಿಯ ಮೇಲೆ ಅವನಿಗೆ ಸೀನೇ ಬರಲಿಲ್ಲ. ಕೆಂಪು ಚಡ್ಡಿಯವನೇ ಮೋಸಗಾರ, ಕಣ್ಣಿಗೆ ಖಾರದ ಪುಡಿ ಎರಚುವವ. ನೀಲಿ ಚಡ್ಡಿಯವನು ಎತ್ತಿ ಒಗೆದ, ತವರಮನೆ ತುಂಬಾ ಚಪ್ಪಾಳೆ. ಅಣ್ಣ, ತಮ್ಮ, ಅತ್ತಿಗೆ, ಎಲ್ಲರೂ ನನ್ನ ಕಡೆಯವರೇ. ಇಷ್ಟು ವರ್ಷದಿಂದ ನೋಡಬೇಕೆಂದುಕೊಂಡಿದ್ದ ಗೆಲುವು ಅದು. ನಾನೂ ಎರಡು ಚಪ್ಪಾಳೆ ತಟ್ಟಿದೆ. ಆಮೇಲೆ ಪಕ್ಕಕ್ಕೆ ತಿರುಗಿ, "ನೋಡಿದ್ರ್ಯಾ?" ಅನ್ನಲು ಹೋದರೆ ಅಲ್ಲಿ ಅತ್ತೆ ಇರಲಿಲ್ಲ. ಅತ್ತಿಗೆ ಉಂಡಿ ತಿನ್ನುತ್ತ, "ಹೌದವಾ, ಚೊಲೋ ಆತು," ಅಂದಳು. ಉಪ್ಪಿಲ್ಲದ ಸಾರಿನ ಹಾಗೆ.

ಇನ್ನೂ ನಾಲ್ಕು ದಿನ ಇರಬೇಕಿತ್ತು. ಮರುದಿನವೇ ಬಸ್ಸು ಹತ್ತಿದೆ.

ಆ ದಾರಿಯಲ್ಲೇ ಇನ್ನೊಂದು ನಡೆಯಿತು. ಮೋಟೆಬೆನ್ನೂರಿನಲ್ಲಿ ಬಸ್ಸು ಬದಲಿಸಲು ಇಳಿದಾಗ ಒಂದು ಚಹಾದಂಗಡಿಯ ಬೆಂಚಿನ ಮೇಲೆ ಇಬ್ಬರು ದಪ್ಪ ಗಂಡಸರು ಕೂತಿದ್ದರು. ನಡುವೆ ಒಂದು ತಟ್ಟೆ ಗಿರ್ಮಿಟ್ಟು, ಎರಡು ಚಮಚ. ಒಬ್ಬ ಕೆಂಪು ಚಡ್ಡಿಯವ, ಇನ್ನೊಬ್ಬ ನೀಲಿ ಚಡ್ಡಿಯವ, ಇಬ್ಬರೂ ಪಾಯಿಜಾಮದಲ್ಲಿ. ಕೆಂಪು ಚಡ್ಡಿಯವ ತನ್ನ ಮಿರ್ಚಿಯನ್ನು ಅರ್ಧ ಮುರಿದು ಅವನ ಕಡೆ ಇಡುತ್ತಿದ್ದ. "ತಿನ್ನಲೇ, ಭುಜ ಇನ್ನೂ ನೋಯತೈತೇನು?" ಎಂದು ಕೇಳುತ್ತಿದ್ದ. ನಾನು ಸೆರಗು ಮುಖಕ್ಕೆ ಎಳೆದುಕೊಂಡು ದಾಟಿ ಹೋದೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ, "ಯಾಕ, ತವರಮನ್ಯಾಗ ಹೊರಗ ಹಾಕಿದ್ರೇನ?" ಅಂದಳು. "ನಿಮ್ಮ ಕೆಂಪು ಚಡ್ಡಿಯವ ಸೋತಾನ, ಅದನ್ನ ಹೇಳಾಕ ಬಂದೇನಿ," ಅಂದೆ. "ಸುಳ್ಳಿ!" ಎಂದು ಅವಳು ಚಹಾಕ್ಕೆ ಇಟ್ಟಳು. ಮೋಟೆಬೆನ್ನೂರಿನಲ್ಲಿ ಕಂಡದ್ದನ್ನು ಹೇಳಲಿಲ್ಲ. ಹೇಳಿದರೆ ಆಟ ಮುಗಿಯುತ್ತಿತ್ತು. ಅವರಿಬ್ಬರೂ ಒಂದೇ ಎಂದಾದ ಮೇಲೆ ನಾವಿಬ್ಬರು ಯಾವ ಬಾಯಿಂದ ಜಗಳಾಡುವುದು?

ಆಮೇಲೆ ಮನೆಮನೆಗೆ ಡಬ್ಬಿ ಬಂತು, ಮಾಳಿಗೆಯ ಮೇಲೆ ಬಟ್ಟಲು ಬಂತು. ಊರ ಕೇಬಲ್ಲು ಮುಚ್ಚಿತು. ತಂತಿಗೆ ಕೆಲವರು ಬಟ್ಟೆ ಒಣಹಾಕಿದರು. ಟಿವಿಯಲ್ಲಿ ನೂರು ಚಾನೆಲ್, ಆದರೆ ಯಾವುದರಲ್ಲೂ ಬ್ಯಾಡಗಿ ಇಲ್ಲ, ರಾಣೆಬೆನ್ನೂರೂ ಇಲ್ಲ. ಕುಸ್ತಿ ನಿಂತ ಮೇಲೂ ನಾವು ಭಾನುವಾರ ಐದಕ್ಕೆ ರಾಶಿ ಹಾಕಿಕೊಂಡು ಕೂರುತ್ತಿದ್ದೆವು, ನೆನಪಿದ್ದ ಕುಸ್ತಿಗಳ ಮೇಲೆಯೇ ಜಗಳ. ನಮ್ಮ ಮನೆಯವರು ತೀರಿಕೊಂಡ ಮೇಲೆ ಇಬ್ಬರೇ ಉಳಿದೆವು, ಜಗಳ ಇನ್ನೂ ಜಾಸ್ತಿಯಾಯಿತು. ಹಾಗೊಂದು ಸಂಜೆ ಅತ್ತೆ ತೊಟ್ಟು ಮುರಿಯುತ್ತ ಮುರಿಯುತ್ತ ಅಂದಳು, "ಅವರಿಬ್ರೂ ಖಾಸಾ ದೋಸ್ತರಲೇ. ಒಂದ ತಾಟಿನಾಗ ಉಣ್ಣಾವರು."

"ನಿಮಗ ಯಾವಾಗ ಗೊತ್ತಾತ್ರಿ?"

"ಮೊದಲಿಂದ ಗೊತ್ತು."

"ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ನೀ ಬಾಯಿ ಮುಚ್ಚಿಕೊಂಡು ಕುಂದ್ರತಿದ್ದಿ. ವಾರಪೂರ್ತಿ ನಿನ್ನ ಮೂಕಮಾರಿ ನೋಡಿ ನೋಡಿ ನನಗೂ ಬ್ಯಾಸರಾಗಿತ್ತು."

ಅವಳು ಹೋಗಿ ಈಗ ಐದು ವರ್ಷ. ಬ್ಯಾಡಗಿಯ ಮನೆಯನ್ನು ಮೈದುನನ ಮಕ್ಕಳಿಗೆ ಬಿಟ್ಟು ನಾನು ಹಾವೇರಿಗೆ ಬಂದೆ.

ಹೋದ ವರ್ಷ ಮಗಳು ತನ್ನ ಹಳೇ ಫೋನು ಕೊಟ್ಟು ಟೈಪು ಮಾಡಲು ಕಲಿಸಿದಳು. ಶಾಲೆಯಲ್ಲಿದ್ದಾಗ ನಾನು ಮಾತಾಡಿ ಕಳಿಸಿದರೆ ಅವಳಿಗೆ ಕೇಳಲಾಗುವುದಿಲ್ಲವಂತೆ. "ಅವ್ವಾ, ಗುದ್ದಬ್ಯಾಡ, ಮುಟ್ಟಿ ಬಿಡು," ಅನ್ನುತ್ತಿದ್ದಳು. ಒತ್ತಕ್ಷರ ಬರಲು ನನಗೆ ಒಂದು ತಿಂಗಳು ಹಿಡಿಯಿತು. ಕಲಿತು ಏನು ಮಾಡಬೇಕೆಂದು ಹುಡುಕುವಾಗ ಕಣ್ಣಿಗೆ ಬಿದ್ದದ್ದು ಕುಸ್ತಿ. ನಮ್ಮ ಕಡೆಯ ಗರಡಿ ಹುಡುಗರ ಕುಸ್ತಿಯನ್ನು ಯಾರೋ ಭಾನುವಾರ ಸಂಜೆ ಫೋನಿನಲ್ಲಿ ನೇರ ತೋರಿಸುತ್ತಾರೆ. ಕೆಳಗೆ ಮಂದಿ ಬರೆಯಲು ಜಾಗ. ಅವತ್ತು ರಾಣೆಬೆನ್ನೂರಿನ ಹುಡುಗ ಕೆಳಗೆ ಬಿದ್ದಿದ್ದ. ನಾನು "ಏಳೋ" ಎಂದು ಬರೆದು ಮುಗಿಸುವ ಹೊತ್ತಿಗೆ ಅವನು ಎದ್ದು, ಸೋತು, ಮೈ ಒರೆಸಿಕೊಂಡು ಹೋಗಿದ್ದ.

ಆದರೂ ಉತ್ತರ ಬಂತು. ಹುಂಜದ ಚಿತ್ರ ಇಟ್ಟುಕೊಂಡ ಯಾರೋ ಬರೆದಿದ್ದ: "ಲೇ, ನಿಮ್ಮೂರಾವ ಮನಿಗೆ ಹೋಗಿ ಉಂಡು ಮಲಗ್ಯಾನ. ಈಗ ಎಬ್ಬಿಸ್ತಿಯಲ್ಲೋ! ನಾವು ಬ್ಯಾಡಗಿಯವರು, ತಿಳಿತಾ?"

ಲೇ! ಐದು ವರ್ಷದಿಂದ ನನ್ನನ್ನು ಯಾರೂ ಲೇ ಅಂದಿರಲಿಲ್ಲ. ಫೋನಿನಲ್ಲಿ ನನ್ನ ಚಿತ್ರ ಇರಲಿಲ್ಲ, ಯಾರೋ ಪಡ್ಡೆ ಹುಡುಗ ಅಂದುಕೊಂಡಿದ್ದ. ನಾನು ತಿದ್ದಲಿಲ್ಲ. "ನಿಮ್ಮೂರಾವ ಗೆದ್ದಿಲ್ಲ, ಘಾಟು ಗೆದ್ದೈತಿ," ಎಂದು ಬರೆದೆ. ಅದಕ್ಕೂ ಉತ್ತರ ಬಂತು. ಹೀಗೇ ಏಳು ಭಾನುವಾರ. ಅವನು ನನಗೆ ಹತ್ತಿಯ ಗೊಂಬೆ ಅಂದ, ನಾನು ಅವನಿಗೆ ತೊಟ್ಟು ಮುರಿದ ಮೆಣಸಿನಕಾಯಿ ಅಂದೆ. ವಾರವೆಲ್ಲ ಕೆಲಸ ಮುಗಿದ ಮೇಲೆ ಆ ಬೈಗುಳಗಳನ್ನು ಮತ್ತೆ ಮತ್ತೆ ಓದುತ್ತಿದ್ದೆ. ಮಗಳು, "ಏನವ್ವಾ ಒಬ್ಬಾಕೀನ ನಗಾಕತ್ತೀ?" ಎಂದು ಕೇಳಿದರೆ, "ದೇವರ ಹಾಡು," ಅನ್ನುತ್ತಿದ್ದೆ.

ಎಂಟನೇ ಭಾನುವಾರ ನನ್ನ ಬಾಯಿ ಜಾರಿತು. "ಚೀಲದ ಮ್ಯಾಲೆ ಬಿದ್ದು ಹನ್ನೆರಡು ಸಲ ಸೀನಿದ್ರೂ ನಮ್ಮ ನೀಲಿ ಚಡ್ಡಿಯವ ಓಡಿಹೋಗಿರಲಿಲ್ಲ," ಎಂದು ಬರೆದೆ. ಹುಂಜದವನು ಕೇಳಿದ: "ಅದು ನಮ್ಮಪ್ಪ ಸಣ್ಣಾವಿದ್ದಾಗಿನ ಸುದ್ದಿ. ನಿನಗೆಂಗ ಗೊತ್ತಲೇ? ನಿನ್ನ ವಯಸ್ಸೆಷ್ಟು?"

ಸುಳ್ಳು ಹೇಳಬಹುದಿತ್ತು. ಆದರೆ ನನಗೆ ಹಮ್ಮು. "ಅರವತ್ತೊಂಬತ್ತು. ಈ ಅಜ್ಜಿ ಜೋಡಿ ಕುಸ್ತಿ ಆಡಾಕ ಬರಬ್ಯಾಡ," ಎಂದು ಒತ್ತಿಬಿಟ್ಟೆ.

ಉತ್ತರವಾಗಿ ಬಂದದ್ದು ಮುಗಿದ ಕೈಗಳ ಚಿತ್ರ, ನಾಲ್ಕು. "ತಪ್ಪಾತ್ರಿ ಅಜ್ಜಿ. ಗೊತ್ತಿರಲಿಲ್ರಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

"ಏ, ತಪ್ಪೇನೂ ಇಲ್ಲ. ಬೈ ನೀನು," ಎಂದು ಬರೆದೆ. "ಛೇ ಛೇ, ಹಂಗೆಲ್ಲಾ ಆಗಂಗಿಲ್ರಿ," ಅಂದ. ಮರುದಿನ ಬೆಳಿಗ್ಗೆ ನೋಡಿದರೆ, ಏಳು ವಾರ ಅವನು ಬರೆದಿದ್ದ ಬೈಗುಳಗಳೆಲ್ಲ ಹೋಗಿದ್ದವು. ಒಂದೊಂದಾಗಿ ಅಳಿಸಿದ್ದ. ನನ್ನವು ಮಾತ್ರ ಉಳಿದಿದ್ದವು, ಸಾಲಾಗಿ, ಯಾರಿಗೆ ಬೈದದ್ದು ಎಂದು ಯಾರಿಗೂ ತಿಳಿಯದ ಹಾಗೆ.

ಮುಂದಿನ ಭಾನುವಾರ ಬ್ಯಾಡಗಿಯ ಹುಡುಗ ಸೋತ, ಮೊದಲ ಪಟ್ಟಿಗೇ ಅಂಗಾತ ಬಿದ್ದ. ಇಷ್ಟು ಒಳ್ಳೆಯ ಸಮಯ ಮತ್ತೆ ಸಿಗುತ್ತದೆಯೇ? ಈಗ ನನ್ನ ಬೆರಳೂ ಚುರುಕಾಗಿದೆ, ಅವನು ನೆಲ ಮುಟ್ಟುವಷ್ಟರಲ್ಲಿ ಬರೆದೆ: "ಎಲ್ಲಿ ಹೋತೋ ನಿಮ್ಮ ಖಾರ? ಒಣಗಿ ಬಣ್ಣ ಹೋದ ಕಾಯಿ ಆಗೀರಲ್ಲೋ!" ಇದಕ್ಕೆ ಸಿಟ್ಟು ಬರದವನು ಬ್ಯಾಡಗಿಯವನೇ ಅಲ್ಲ. ಹುಂಜದವನು ಏನೋ ಬರೆಯುತ್ತಿರಬೇಕೆಂದು ಕಾದೆ. ಕನ್ನಡಕ ಒರೆಸಿಕೊಂಡು ಮತ್ತೆ ಕಾದೆ.

ಬಂತು. "ಊಟ ಆತ್ರ್ಯಾ ಅಜ್ಜಿ?"

ಹುಡುಗನನ್ನು ಇಷ್ಟು ಚೆಂದಾಗಿ ಬೆಳೆಸಿದ ಬ್ಯಾಡಗಿಯ ಆ ತಾಯಿ ಯಾರೋ, ಅವಳಿಗೆ ಫೋನು ಕೊಡು ಅನ್ನಬೇಕೆನಿಸಿತು. ನಾಲ್ಕು ಮಾತು ಬೈದಿದ್ದರೆ ಅವಳಾದರೂ ತಿರುಗಿ ಬೈಯುತ್ತಿದ್ದಳೇನೋ.

"ಆತಪ್ಪಾ," ಎಂದು ಬರೆದೆ. "ನಿಂದು?"