ಖಾಲಿ ಬಿಟ್ಟ ಚೌಕ

ಮೊನ್ನೆ ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಶಾಲೆಯ ಮೈದಾನದಲ್ಲಿ ಯಾರೋ ನೀರು ಚಿಮುಕಿಸಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ, ಕಣ್ಣು ತುಂಬಿ ಬಂತು. ನಾನು ಹೊರಟಿದ್ದುದು ನಮ್ಮ ಡ್ರಿಲ್ ಮಿಸ್ಸಿನ ಮಣ್ಣಿಗೆ.

ತಿಪಟೂರಿನಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡರು. ಆಮೇಲೆ ನಾನು ಬ್ಯಾಗು ಹಿಡಿದು ಮನೆಯಿಂದ ಹೊರಡುತ್ತಿದ್ದೆ, ಶಾಲೆಗೆ ಹೋಗುತ್ತಿರಲಿಲ್ಲ. ಸಂಜೆಯವರೆಗೂ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತಿದ್ದೆ. ಒಮ್ಮೆ ಗೊತ್ತುಗುರಿಯಿಲ್ಲದೆ ಅರಸೀಕೆರೆ ಬಸ್ಸು ಹತ್ತಿ ಹೋಗಿಯೂ ಬಂದೆ... ಹೆಡ್‌ಮಾಸ್ಟರಿಗೆ ಸುದ್ದಿ ಮುಟ್ಟಿತು.

"ಟಿ.ಸಿ. ಕೊಟ್ಟು ಕಳಿಸಿಬಿಡಿ. ಇವಳನ್ನ ನೋಡಿ ಮಿಕ್ಕ ಹುಡುಗೀರೂ ಕೆಡ್ತಾರೆ" ಎಂದರು.

"ಒಂದು ತಿಂಗಳು ನನಗೆ ಬುಡಿ ಸಾರ್" ಎಂದರು ಡ್ರಿಲ್ ಮಿಸ್ಸು.

ಅವರು ನನಗೆ ಬುದ್ಧಿ ಹೇಳಲಿಲ್ಲ. ಅಂದೇ ಸಂಜೆ ಖೋಖೋ ಟೀಮಿಗೆ ಸೇರಿಸಿ, ಮೂರನೇ ಚೌಕದಲ್ಲಿ ಕೂರಿಸಿದರು. ಎರಡು ದಿನ ಹೋದೆ. ಮೂರನೇ ದಿನ ಮತ್ತೆ ಬಸ್‌ಸ್ಟ್ಯಾಂಡು.

ಸಂಜೆ ಟೀಮಿನ ಇಬ್ಬರು ಹುಡುಗಿಯರು ಏದುಸಿರು ಬಿಡುತ್ತಾ ಅಲ್ಲಿಗೇ ಬಂದರು.

"ಏಳೇ ಮೇಲೆ! ನಿನ್ನ ಚೌಕದಾಗೆ ಯಾರನ್ನೂ ಕೂರ್ಸಲ್ವಂತೆ ಮಿಸ್ಸು. ನೀನು ಬರೋಗಂಟ ಆಟ ಇಲ್ವಂತೆ."

"ಕೂತು ಕೂತು ಕಾಲು ಜೋಮು ಹಿಡೀತು ಕಣೇ. ಮಹಾರಾಣಿ ಬಸ್ಸು ಎಣಿಸ್ತಾ ಕೂತವ್ಳೆ!"

ಬೈಗುಳ ತಿನ್ನುತ್ತಲೇ ಅವರ ಹಿಂದೆ ಓಡಿದೆ. ಮೈದಾನದಲ್ಲಿ ಎಲ್ಲರೂ ಕೂತೇ ಇದ್ದರು. ನಡುವೆ ಒಂದು ಚೌಕ ಖಾಲಿ.

"ಬಂದ್ಯಾ? ಕೂತ್ಕೋ. ಮುಖ ಆ ಕಡೆ" ಎಂದರು ಮಿಸ್ಸು, ಅಷ್ಟೇ.

ಸ್ವಲ್ಪ ಹೊತ್ತಿಗೆ ಬೆನ್ನ ಮೇಲೆ ಒಂದು ಕೈ ಬಿತ್ತು, "ಖೋ!" ಅಮ್ಮ ಹೋದ ಮೇಲೆ ನನ್ನ ಬೆನ್ನು ಮುಟ್ಟಿದ ಮೊದಲ ಕೈ ಅದು. ಎದ್ದು ಓಡಿದೆ. ಓಡುವವರು ಅಳುವುದು ಯಾರಿಗೂ ಕಾಣುವುದಿಲ್ಲ... ಮಿಸ್ಸಿಗೆ ಕಂಡಿರಬೇಕು. ಆ ದಿನ ಅವರು ಬಹಳ ಹೊತ್ತು ಸೀಟಿ ಊದಲಿಲ್ಲ.

ನನ್ನ ಟಿ.ಸಿ. ಕೈಗೆ ಬಂದದ್ದು ಎಸ್ಸೆಸ್ಸೆಲ್ಸಿ ಪಾಸಾದ ಮೇಲೆಯೇ. ನಿಮ್ಮಿಂದ ಉಳಿದೆ ಎಂದು ಒಂದು ಸಲ ಹೋಗಿ ಹೇಳಬೇಕೆಂದುಕೊಂಡೆ. ವರ್ಷಗಳೇ ಹೋದವು.

ಮಿಸ್ಸಿನ ಊರು ನೊಣವಿನಕೆರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೇಳಬೇಕಾದ ಮಾತು ನನ್ನಲ್ಲೇ ಉಳಿಯಿತು. ಅವರ ಮನೆಯ ಜಗಲಿಯ ತುಂಬ ಹೆಂಗಸರು ಕೂತಿದ್ದರು, ಕೆಲವರು ನನ್ನ ವಯಸ್ಸಿನವರು, ಕೆಲವರು ಚಿಕ್ಕವರು. ಒಬ್ಬರ ಗುರುತೂ ಸಿಗಲಿಲ್ಲ. ಎಲ್ಲಿ ನಿಲ್ಲುವುದೋ ತಿಳಿಯದೆ ಬಾಗಿಲಲ್ಲೇ ನಿಂತೆ.

ಒಬ್ಬಾಕೆ ಕಣ್ಣೊರೆಸಿಕೊಂಡು, ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬನ್ನಿ, ಕೂತ್ಕಳಿ. ನಿಮ್ದು ಯಾವ ವರ್ಷದ ಟೀಮು?"