ಇಡೀ ಕೋಳಿಯ ಇನ್ನೊಂದು ತೊಡೆ

ತೆಂಗಿನ ಚಿಪ್ಪಿನ ಕೆಂಡ ಸರಿಸಿ, ಬೋರಲು ಹಾಕಿದ್ದ ಮಡಕೆಯನ್ನು ಎತ್ತಿದೆ. ಒಳಗೆ ಇಡೀ ಕೋಳಿ ಕೆಂಪಗೆ ಬೆಂದಿತ್ತು, ಚರ್ಮದ ಮೇಲೆ ಕೊಬ್ಬು ಇನ್ನೂ ಚುರುಗುಟ್ಟುತ್ತಿತ್ತು. ಕಡೂರಿನ ಬಂಗಲೆಯಲ್ಲಿ ದೊರೆಗಳಿಗೆ ಅಡುಗೆ ಮಾಡುತ್ತಿದ್ದ ಅಪ್ಪನಿಂದ ಕಲಿತ ವಿದ್ಯೆ ಅದು. ಯುಗಾದಿಯ ಮರುದಿನ, ಹೊಸತೊಡಕಿಗೆಂದು ಹಟ ಹಿಡಿದು ಮಾಡಿದ್ದೆ.

“ಸಾರಿಲ್ದೆ ಮುದ್ದೆ ಹೆಂಗೆ ನುಂಗೋದು? ಹಬ್ಬದ ಕೋಳಿ ಹಾಳ್ಮಾಡ್ಬಿಟ್ಟೆ ಕಣೇ,” ಎಂದು ಅತ್ತೆ ಬೆಳಗಿನಿಂದ ಗೊಣಗುತ್ತಿದ್ದರು.

ನಮ್ಮ ಮನೆಯಲ್ಲಿ ತೊಡೆ ಗಂಡಸರಿಗೆ, ಕತ್ತು ಹೆಂಗಸರಿಗೆ. ಊಟಕ್ಕೆ ಕುಳಿತ ಮಾವ ತಟ್ಟೆ ಚಾಚಿದರು. ಅತ್ತೆ ಮೊದಲು ಒಂದು ಚೂರು ಕಿತ್ತು ಬಾಯಿಗಿಟ್ಟುಕೊಂಡರು. ಆಮೇಲೆ ತೊಡೆ ಮುರಿದು, ಮಾವನ ತಟ್ಟೆ ದಾಟಿಸಿ, ನನ್ನ ಕೈಗಿಟ್ಟರು.

“ಮಾಡ್ದೋಳು ಮೊದ್ಲು ತಿನ್ಲಿ.”

ಈಗ ಪ್ರತಿ ಹೊಸತೊಡಕಿಗೂ ಇಡೀ ಕೋಳಿಯೇ. ಒಂದು ತೊಡೆ ಮಾವನದು. ಇನ್ನೊಂದನ್ನು ಯಾರೂ ಕೇಳುವುದಿಲ್ಲ.