ಆದಿವಾಲದಿಂದ ತಂದ ಆಪರೇಷನ್ ಕೇಸು

ತುರ್ತು ಪರಿಸ್ಥಿತಿಯ ಕಾಲ. ಹಿರಿಯೂರು ಕಡೆ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದ ನನಗೆ ಸಂತಾನಹರಣ ಆಪರೇಷನ್‌ಗೆ ಗಂಡಸರನ್ನು ಕರೆತರುವುದೇ ಕೆಲಸ. ಅದಕ್ಕೆಂದು ಕೊಟ್ಟ ಜೀಪಿಗೆ ಬೇರೆ ರೋಗಿಗಳನ್ನು ಹತ್ತಿಸುವಂತಿರಲಿಲ್ಲ.

ಆದಿವಾಲದಲ್ಲಿ ಕುರಿ ಕಾಯುವ ಈರಣ್ಣ ಎಂಬ ಮುದುಕ ಗೋಡೆಗೊರಗಿ ಕುಳಿತು ಏದುಸಿರು ಬಿಡುತ್ತಿದ್ದ. ಕಾಲುಗಳು ಬಾತು ಹೊಳೆಯುತ್ತಿದ್ದವು.

"ಹೃದಯ ಸೋತೈತಂತೆ. ಮಲಗಿದ್ರೆ ಉಸಿರು ಕಟ್ಟತೈತೆ, ಎರಡು ತಿಂಗ್ಳಿಂದ ಕುಂತೇ ಅವ್ರೆ. ಜೀಪಲ್ಲಿ ಕರ್ಕಂಡೋಗ್ರಿ ಸ್ವಾಮಿ," ಎಂದಳು ಅವನ ಹೆಂಡತಿ.

ನಾನು ರೂಲ್ಸು ಹೇಳಿದೆ.

"ಹಂಗಾರೆ ನಂಗೂ ಆಪರೇಷನ್ ಅಂತ ಬರ್ಕಳ್ರಿ," ಎಂದ ಈರಣ್ಣ.

"ಈ ವಯಸ್ಸಲ್ಲಿ ಯಾರು ನಂಬ್ತಾರೆ ಅಜ್ಜ?"

"ವಾಸಿ ಮಾಡ್ರಿ ಅಂತ ಕೇಳ್ತಿಲ್ರಿ. ಒಂದ್ಸಲ ಕಾಲು ಚಾಚಿ ಮಲಗ್ಬೇಕು."

ವಯಸ್ಸು ನಲವತ್ತೈದು ಎಂದು ಬರೆದು ಹತ್ತಿಸಿಕೊಂಡೆ. ಹಿರಿಯೂರು ಆಸ್ಪತ್ರೆಯ ಡಾಕ್ಟರಿಗೆ ನಿಜ ಹೇಳಿದೆ. ಅವರು ನನ್ನನ್ನು ಬೈಯುತ್ತಲೇ ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು. ಸಂಜೆಗೆ ಉಸಿರು ಹಗುರಾಗಿ ಈರಣ್ಣ ಮಲಗಿ ಗೊರಕೆ ಹೊಡೆದ. ಹೆಂಡತಿ ಅವನ ಪಾದ ಹಿಡಿದು ಕುಳಿತಿದ್ದಳು. ಮೂರನೆಯ ದಿನ ನಿದ್ದೆಯಲ್ಲೇ ಹೋದ.

ತಿಂಗಳಾದ ಮೇಲೆ ನನಗೆ ನೋಟೀಸು ಬಂತು. ಕರೆತಂದವನಿಗೆ ಆಪರೇಷನ್ ಮಾಡಿಸದೆ ಬಿಟ್ಟದ್ದೇಕೆ ಎಂದು ಕೇಳಿದ್ದರು. ಆತ ತೀರಿಕೊಂಡಿದ್ದಾನೆ ಎಂದು ಬರೆದೆ. ಇನ್ನು ಮಕ್ಕಳಾಗುವ ಭಯವಿಲ್ಲವೆಂದೋ ಏನೋ, ಆಮೇಲೆ ಯಾರೂ ಕೇಳಲಿಲ್ಲ.